ನಲವತ್ತೇಳನೆಯ ಗರಿ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ನನ್ನ ಕಟ್ಟಿನಂಗಡಿ.
ಸಕಲೇಶಪುರದ ಹೋಂಸ್ಟೇಯವರು ತಂದಿಟ್ಟರು
ಒಂದೇ ಒಂದು ಓಲೆಗರಿ:
'ಬಿಳೀ ಮೌಂಟು ಹಾಕಿ. ಗೋಡೆಗೆ ಒಪ್ಪುತ್ತೆ.'

ಎಲ್ಲಿಂದ ಬಂತು ಎಂದೆ.
ಬೇಲೂರಿನ ಗುಜರಿ ಲೋಕಪ್ಪನಿಂದ.
ಲೋಕಪ್ಪನಿಗೆ? ಫೋನು ಮಾಡಿದೆ.
'ಹಿತ್ತಾಳೆ ಕೊಳಗದ ಜೊತೆ ಬಂತು ಮಾರಾಯ,
ಇಡೀ ಕಟ್ಟಿತ್ತು. ಬಿಡಿ ಮಾಡಿದರೆ ರೇಟು.'

ಅದರಾಚೆಗೆ ಫೋನು ಹೋಗುವುದಿಲ್ಲ.

ಬೆಳಕಿಗೆ ಹಿಡಿದೆ.
ದಾರದ ತೂತಿಗೆ ಅಕ್ಷರಗಳು ಸರಿದು ಜಾಗ ಬಿಟ್ಟಿವೆ,
ಬಸ್ಸಿನಲ್ಲಿ ಮುದುಕಿಗೆ ಬಿಟ್ಟ ಹಾಗೆ.
ಯಾರೋ ಒಬ್ಬಾಕೆ ನೋಂಪಿ ಮುಗಿಸಿ ಬರೆಸಿ ಕೊಟ್ಟಿರಬೇಕು.
ಹೆಸರು ಇದ್ದದ್ದು ಕೊನೆಯ ಗರಿಯಲ್ಲಿ;
ಅದು ಈಗ ಯಾರ ಗೋಡೆಯೋ.

ಬಸದಿಯ ಪಾಯಣ್ಣನವರು ಕನ್ನಡಕ ಒರೆಸಿ ಓದಿದರು:
ಒಂದಿಂದ್ರಿಯದ ಜೀವವೇ, ಎರಡಿಂದ್ರಿಯದ ಜೀವವೇ,
ಅರಿಯದೆ ತುಳಿದಿದ್ದರೆ...
ಅಲ್ಲಿ ಹುಳುವಿನ ತೂತು.

ಕ್ಷಮೆ ಕೇಳಿದ ಮಾತನ್ನೇ ತಿಂದುಕೊಂಡು
ಆ ಎರಡಿಂದ್ರಿಯದ್ದು
ನಲವತ್ತಾರರಿಂದ ಬಂದು ನಲವತ್ತೆಂಟಕ್ಕೆ ಹೋಗಿದೆ,
ನೆಟ್ಟಗೆ.
ಊರು ಗೊತ್ತಿದ್ದದ್ದು ಅದಕ್ಕೊಂದೇ.

ಕಟ್ಟು ಹಾಕುವಾಗ
ಹಿಂದಿನ ರಟ್ಟಿಗೂ ಅದೇ ಜಾಗದಲ್ಲಿ
ಸಣ್ಣ ಮೊಳೆಯಿಂದ ಒಂದು ತೂತು ಹೊಡೆದೆ.
ಬಿಲ್ಲಿನಲ್ಲಿ ಬರೆಯಲಿಲ್ಲ.