ಮೂರೂವರೆಗೆ ಲಾರಿ ಹೊರಡಬೇಕು

ರಾತ್ರಿ ಎರಡು ಹತ್ತು. ಡೇರಿಯ ಅಂಗಳದಲ್ಲಿ
ಮೂವತ್ತೊಂದು ಲಾರಿ, ಒಂದರ ಹಿಂದೊಂದು,
ಇಂಜಿನ್ ಆರಿಸದೆ ನಿಂತಿವೆ.
ಚೌಡಯ್ಯ ಕಿಟಕಿಗೆ ಬಂದು
"ಏನಮ್ಮ, ನಿಮ್ಮ ಡಬ್ಬ ಇನ್ನೂ ಎದ್ದಿಲ್ವಾ?" ಅನ್ನುತ್ತಾನೆ.
ಎದ್ದಿದೆ ಚೌಡಯ್ಯ, ಎದ್ದೇ ಇದೆ.
ಹುಡುಕುತ್ತಿದೆ.

ಯಾವ ಬೂತಿಗೆ ಎಷ್ಟು ಕ್ರೇಟು, ಇದೊಂದೇ ಪ್ರಶ್ನೆ.
ಹೋದ ಯುಗಾದಿಯಲ್ಲಿ ನಾಲ್ಕು ಸೆಕೆಂಡಿಗೆ ಹೇಳುತ್ತಿತ್ತು.
ಈಗ ನಲವತ್ತು ನಿಮಿಷ. ಡಿಸ್ಕಿನ ಹಸಿರು ದೀಪ
ಮಿಟುಕುವುದನ್ನೂ ಮರೆತು ಉರಿಯುತ್ತಿದೆ.

ಇನ್ನಷ್ಟು ರ್‍ಯಾಮ್ ಹಾಕಿ, ಅಂದಿದ್ದರು ಮ್ಯಾನೇಜರು.
ಅಡುಗೆಮನೆ ದೊಡ್ಡದು ಮಾಡಿದರೆ
ಕಳೆದ ಸೌಟು ಸಿಗುತ್ತದೆಯೇ?
ಹಾಕಿದೆವು. ಸಿಗಲಿಲ್ಲ.

ಈ ರಾತ್ರಿ ಓಡುತ್ತಿದ್ದುದನ್ನು ನಿಲ್ಲಿಸಿ
ಅದನ್ನೇ ಕೇಳಿದೆ: ಹೇಗೆ ಹುಡುಕುತ್ತೀ, ಬಿಡಿಸಿ ಹೇಳು.
ತನ್ನ ದಾರಿಯನ್ನು ಬರೆದುಕೊಟ್ಟಿತು,
ಒಳಗಿನಿಂದ ಹೊರಕ್ಕೆ ಓದಬೇಕಾದ ಬರಹ.
ಓದಿ ನಗು ಬಂತು. ಆಮೇಲೆ ಬರಲಿಲ್ಲ.

ಅದರ ಲೆಕ್ಕದಲ್ಲಿ ಕೂಡ್ಲುವಿಗೆ ಮೂರು ಬೂತು.
ವರ್ತೂರಿಗೆ ಎರಡು. ಥಣಿಸಂದ್ರಕ್ಕೆ ಒಂದೇ ಒಂದು,
ಬಸ್ಸು ತಿರುಗುವ ಜಾಗದಲ್ಲಿ.
ಎಂದೋ ಒಮ್ಮೆ ಊರನ್ನು ಎಣಿಸಿ ಮಡಚಿಟ್ಟುಕೊಂಡ ಚೀಟಿ;
ತಾನಾಗಿ ಎಣಿಸಿಕೊಳ್ಳುವ ಅದರ ಅಭ್ಯಾಸವನ್ನು
"ರಾತ್ರಿ ಹೊತ್ತು ನಿಧಾನ ಆಗುತ್ತೆ" ಎಂದು ಯಾರೋ ಬಿಡಿಸಿದ್ದರು.
ಮೂರೇ ಮನೆ ತಾನೆ, ಬಾಗಿಲು ತಟ್ಟಿ ಬಂದರಾಯಿತು
ಎಂದುಕೊಂಡು ಪ್ರತಿ ರಾತ್ರಿ ಹೊರಡುತ್ತದೆ, ಪಾಪ.
ಆರುನೂರ ಹನ್ನೆರಡು ಬಾಗಿಲು ಎದುರಾಗುತ್ತವೆ.
ಒಂದೊಂದಕ್ಕೂ ಇಡೀ ಲೆಡ್ಜರನ್ನು ಮೊದಲಿಂದ ತಿರುವುತ್ತದೆ.
ಅರ್ಧ ದಾರಿಯಲ್ಲಿ ಮನಸ್ಸು ಬದಲಿಸುವುದು
ಅದರ ಜಾಯಮಾನದಲ್ಲಿಲ್ಲ.

ನನ್ನ ದೊಡ್ಡತ್ತೆ ಈಗಲೂ ಆಟೋದವನ ಕೈಗೆ
ಹನ್ನೆರಡು ರೂಪಾಯಿ ಇಟ್ಟು
ಚಿಲ್ಲರೆಗೆ ಕಾಯುತ್ತಾಳೆ.

ಇನ್ನೊಂದು. ಇಲ್ಲಿ ಅಳಿಸಿದ್ದು ಅಳಿದಿರುವುದಿಲ್ಲ.
ಮೆಟ್ರೋ ಕಂಬಕ್ಕೆಂದು ಎತ್ತಿಸಿದ ಪುಟ್ಟಮಾದಯ್ಯನ ಬೂತು:
ಅಳಿಸು ಎಂದಾಗ ಅಳಿಸಿದೆ ಎಂದಿತ್ತು.
ಹಾಳೆಯ ಮೇಲೆ ಅವನ ಸಾಲು ಹಾಗೇ ಕೂತಿದೆ,
ಯಾರಿಗೂ ಕಾಣದೆ, ಜಾಗವನ್ನೂ ಬಿಡದೆ.
ಐದು ಕ್ರೇಟನ್ನು ಆರೆಂದು ತಿದ್ದಿದರೆ
ಐದು ಸಾಯುತ್ತದೆ, ಕದಲುವುದಿಲ್ಲ.
ಬದುಕಿದ ಒಂದು ಸಾಲಿಗೆ ಸತ್ತವು ಒಂಬತ್ತು;
ಹುಡುಕುವವರು ಎಲ್ಲವನ್ನೂ ದಾಟಿಯೇ ಹೋಗಬೇಕು.

ಗುಡಿಸಿದೆ. ಮೆಲ್ಲಗೆ. ಲಾರಿ ಕಾಯುವಾಗ
ಮನೆಗೆ ಬೀಗ ಹಾಕಿ ಗುಡಿಸುವ ದೊಡ್ಡ ಪೊರಕೆ ಹಿಡಿಯಬಾರದು.
ದೊರೆಸ್ವಾಮಿ ಸಾರ್ ನಿವೃತ್ತರಾಗುವ ಮುಂಚೆ
ಕಟ್ಟಿಹೋದ ಇಂಡೆಕ್ಸು ಹದಿನೇಳು.
ಹನ್ನೊಂದನ್ನು ಯಾರೂ ಒಮ್ಮೆಯೂ ತೆರೆದಿಲ್ಲ.
ಆದರೂ ಹೊಸ ಸಾಲೊಂದು ಬಂದರೆ
ಹದಿನೇಳು ಮೇಜಿನ ಮುಂದೆ ನಿಂತು ಹೆಸರು ಬರೆಸಬೇಕು,
ತಾಲ್ಲೂಕು ಕಚೇರಿಯ ಹಾಗೆ.
"ಮುಟ್ಟಬೇಡಿ" ಎಂದು ಟಿಪ್ಪಣಿ ಬೇರೆ.
ಮುಟ್ಟಿದೆ. ಹತ್ತು ಬಿದ್ದವು.
ಹನ್ನೊಂದನೆಯದಕ್ಕೆ ತಮ್ಮ ಮಗಳ ಹೆಸರಿಟ್ಟಿದ್ದರು.
ಬಿಟ್ಟೆ.

ಕೊನೆಗೆ ಹೇಳಿದೆ: ಊರನ್ನು ಮತ್ತೆ ಎಣಿಸು.
ಎಲ್ಲವನ್ನೂ ಎಣಿಸುವುದಿಲ್ಲ ಅದು. ಅಲ್ಲೊಂದು ಇಲ್ಲೊಂದು
ಅಗುಳು ತೆಗೆದು ಹಿಚುಕಿ ನೋಡುತ್ತದೆ.
ಹನ್ನೊಂದು ಸೆಕೆಂಡಿನಲ್ಲಿ ಅದಕ್ಕೆ
ಹದಿನಾಲ್ಕು ವರ್ಷ ವಯಸ್ಸಾಯಿತು.
ಥಣಿಸಂದ್ರ: ಇನ್ನೂರ ನಲವತ್ತು.

ಮತ್ತೆ ಕೇಳಿದೆ.
ಮೂರು ಸೆಕೆಂಡು. ಪ್ರಿಂಟರು ಬೆಚ್ಚಿ ಹಾಳೆ ಉಗುಳಿತು.
ಚೌಡಯ್ಯ ಅರ್ಧ ಬೀಡಿ ಎಸೆದು ಓಡಿದ, ಏನೂ ಹೇಳಲಿಲ್ಲ.
ಹಲ್ಲುನೋವು ನಿಂತ ಗಳಿಗೆಯಲ್ಲಿ
ಹಲ್ಲಿಗೆ ಯಾರು ನಮಸ್ಕಾರ ಹೇಳುತ್ತಾರೆ?
ಮೂರೂ ಹದಿನೆಂಟಕ್ಕೆ ಅಂಗಳ ಖಾಲಿ,
ಎಣ್ಣೆಯ ಕಲೆಗಳು ಮಾತ್ರ ಸಾಲಾಗಿ.

ತಾನಾಗಿ ಎಣಿಸುವುದನ್ನು ಮತ್ತೆ ಚಾಲೂ ಮಾಡಿ,
ಯಾಕೆಂದು ಬರೆದಿಟ್ಟು, ಹೆಸರು ಹಾಕದೆ ಎದ್ದೆ.

ಆರೂವರೆಗೆ ನಮ್ಮ ಬೀದಿಯ ಬೂತಿನಲ್ಲಿ
ಅರ್ಧ ಲೀಟರು ಕೇಳಿದರೆ
ಖಾಲಿ ಕ್ರೇಟು ತಿರುಗಿಸಿ ತೋರಿಸಿದಳು ಜಬೀನಾ:
"ಮುಗೀತು ಮೇಡಂ. ಇವತ್ತು ಗಾಡಿ
ಅದ್ಯಾಕೋ ಬೇಗ ಬಂದುಬಿಡ್ತು."