ಡಬ್ಬಿಗೊಂದು ಚೀಟಿ

ಬೀದರಿನ ಚೌಬಾರದ ಹಿಂದಿನ ಗಲ್ಲಿ,
ಬಿದರಿ ಕಾರ್ಖಾನೆಯ ಗೋಡೆಗೆ ಕಟ್ಟಿದ ಚಾದರದ ಮೇಲೆ
ಹೆಸರಿಲ್ಲದ ರೀಲು ಓಡಿತು.
ಮೊದಲ ಸುರುಳಿ ತೇವದ ಪಾಲು.
ಗಡ್ಡದ ವೈದ್ಯನೊಬ್ಬ ಹಂಡೆಯೊಳಗೆ ಕೂತು
ಮುಚ್ಚಳ ಎಳಕೊಂಡು
ಚುಕ್ಕಿಗಳ ನಡುವೆ ತೇಲಿಹೋದ.
ಮಾತಿಲ್ಲ. ಫ್ಯಾನಿನ ಸದ್ದು.

ನನ್ನ ಕೆಲಸ ಸಣ್ಣದು, ಡಬ್ಬಿಗೆ ಚೀಟಿ ಅಂಟಿಸಬೇಕು:
ವಿಜ್ಞಾನ ಕಥೆಯೋ, ಮಾಯಾಜಾಲವೋ.

ಭೌತಶಾಸ್ತ್ರದ ವೀರಶೆಟ್ಟಿ ಮಾಸ್ತರು ಖಡಾಖಂಡಿತ:
"ಹಂಡೇಕ ಗಾಲಿ ಅದನ? ಬೆಂಕಿ? ಹೊಗಿ?
ಲೆಕ್ಕ ಇಲ್ದೆ ಹಾರಿದ್ರ ಪುರಾಣ. ಬರಕೋ."

ಮಶಾಕಸಾಬ್ ಕೈಯ ಹೂಜಿ ಕೆಳಗಿಡಲಿಲ್ಲ.
"ಕಿಲ್ಲಾದ ಮಣ್ಣು ನಾಲಿಗಿ ಮ್ಯಾಲ ಇಟ್ಟು ನೋಡ್ತೀವ್ರಿ.
ರುಚಿ ಹತ್ತಿದ್ರ ಕುದಿಯೋ ನೀರಿಗಿ.
ಜಸ್ತ ಕರ್ರಗಾಗ್ತದ, ಬೆಳ್ಳಿ ಹಂಗೇ ಉಳೀತದ.
ನಮ್ಮ ಮುತ್ಯಾಗ ಯಾವ ಲೆಕ್ಕ ಗೊತ್ತಿತ್ತು?"

ಮಾಸ್ತರು ಏನೋ ಹೇಳಹೊರಟರು, ನವಸಾಗರ, ಕ್ಷಾರ,
ಅಷ್ಟರಲ್ಲಿ ಹಂಡೆಯ ಮುಚ್ಚಳ ತೆರೆಯಿತು.
ಒಳಗೆ ಯಾರೂ ಇಲ್ಲ.

ಮಶಾಕಸಾಬನ ಮೊಮ್ಮಗಳು ತಸ್ಮಿಯಾ
ರೀಲು ಹಿಂದಕ್ಕೆ ತಿರುಗಿಸಿ ಬೆಳಕಿಗೆ ಹಿಡಿದಳು.
"ಇಲ್ಲಿ ಹಿಡಿಕಿ ನಿಂತದ ಸರ್.
ಅಂವಾ ಎದ್ದು ಹೋಗ್ಯಾನ. ಆಮ್ಯಾಲ ಮತ್ತ ತಿರಗ್ಯದ."

ಎಂದೋ, ಯಾವ ಊರಲ್ಲೋ, ಯಾರದೋ ಕೈ
ಮೂರು ಉಸಿರು ಸುಮ್ಮನೆ ನಿಂತಿತ್ತು.
ಆ ಮೂರು ಉಸಿರನ್ನು ಯಾವ ಖಾನೆಯಲ್ಲಿಡಲಿ?

ಚಾದರದಲ್ಲಿ ಕಪ್ಪು, ಕಪ್ಪಿನೊಳಗೆ ಬೆಳ್ಳಿ.
ಹೂಜಿಯ ಮೈಮೇಲೂ ಅದೇ.

ಚೀಟಿಯಲ್ಲಿ ಬರೆದೆ:
ಹಂಡೆ ಒಂದು. ಮನುಷ್ಯ ಒಬ್ಬ. ಇನ್ನೂ ವಾಪಸ್ ಬಂದಿಲ್ಲ.

ಮಾಸ್ತರು ಓದಿ ನಕ್ಕರು, ಚಪ್ಪಲಿ ಹುಡುಕಿದರು;
ಬಾಗಿಲ ಬಳಿಯ ಚೀಲದಿಂದ ಒಂದು ಚಿಟಿಕೆ ಮಣ್ಣು,
ಯಾರೂ ನೋಡುತ್ತಿಲ್ಲ ಅಂದುಕೊಂಡು,
ನಾಲಿಗೆಗಿಟ್ಟುಕೊಂಡರು.