ಗಿಡ್ಡದ ಮ್ಯಾಲ ಎತ್ತರ

ಸಂಜಿ ಐದೂವರಿಗೆ ತಕ್ಕಡಿ ಏಳತೈತಿ.
ನನ್ನ ಪಾಲಿಂದು ಇವತ್ತು ಮುನ್ನೂರಾ ಇಪ್ಪತ್ತು ಗ್ರಾಂ.
ಯಾರ್ಯಾರೋ ತಲಿ ಬಾಚಿ
ಗ್ವಾಡಿ ಸಂದ್ಯಾಗ ತುರುಕಿಟ್ಟ ಉಂಡಿ,
ಸ್ಟೀಲ್ ಬಟ್ಟಲಕ್ಕ ಮಾರಿದ್ದು.
ದಬ್ಬಣದ ತುದೀಲೆ ಒಂದೊಂದ ಎಳಿ ಬಿಡಿಸಿ
ಎಂಟಿಂಚಿಂದು ಇತ್ತಾಗ, ಹತ್ತಿಂಚಿಂದು ಅತ್ತಾಗ,
ಬೆಳ್ಳಂದು ಬ್ಯಾರೆ.
ಭಾಗ್ಯನಗರದ ಈ ಶೆಡ್ಡಿನ್ಯಾಗ ಹದಿನಾಕು ವರ್ಷ,
ನನ್ನ ಬೆರಳಿಗೆ ಗೊತ್ತಿರೋ ವಿದ್ಯಾ ಒಂದ:
ಗಂಟು ಕಂಡ್ರ ಬಿಡಿಸು.

ಬಾ ಇಲ್ಲೆ, ಅಂದ್ಲು ಹಜರತ್‌ಬಿ,
ಇನ್ನ ಗಂಟು ಹಾಕೋದ ಕಲಿ.

ಅಕಿ ಕ್ರೋಶಾ ಕಡ್ಡಿ ಅಂಗಡ್ಯಾಗಿಂದಲ್ಲ.
ಗಂಡನ ಹಳೀ ಸೈಕಲ್ಲಿನ ಸ್ಪೋಕು,
ಅರ ತಿಕ್ಕಿ ತುದಿ ಮಣಿಸಿ
ಹಿಡಿಕಿಗೆ ಖಾಲಿ ಪೆನ್ನು ತೊಡಿಸಿದ್ದು.
ನೂಲು ಮಗ್ಗದವರು ಕಸಕ್ಕ ಹಾಕಿದ ತುಂಡು,
ಒಂದು ಮಾರು ಅರಿಶಿಣ, ಒಂದು ಮಾರು ಗಿಳಿಹಸರು.
ಬೆಟಗೇರಿ ದವಾಖಾನ್ಯಾಗ, ಮಗಳ ಹೆರಿಗಿಗೆ ಹೋದಾಗ
ಬಾಜೂ ಮಂಚದಾಕಿ ಕಲಿಸಿದ್ಲಂತ.
ಹೆಸರು ಹೇಳಲಿಲ್ಲಂತ,
ಈ ಹೆಣಿಕಿದೂ, ತನ್ನದೂ.

ಒಂದು ಗಿಡ್ಡ, ಒಂದು ಎತ್ತರ.
ಮತ್ತೊಂದು ಗಿಡ್ಡ, ಮತ್ತೊಂದು ಎತ್ತರ.
ಗಿಡ್ಡಕ್ಕ ಕಡ್ಡಿ ಹೊಗಿಸಿ ಸೀದಾ ಜಗ್ಗು.
ಎತ್ತರಕ್ಕ ಮದಲ ಒಂದು ಸುತ್ತು ನೂಲು ಹೊದಿಸಿ
ಆಮ್ಯಾಲ ಒಳಗ ಹೋಗು,
ಎರಡರಾಗಿಂದ ಎಳಿ, ಉಸುರು ತಗೊ, ಮತ್ತೆರಡರಾಗಿಂದ ಎಳಿ.
ಸಾಲು ತೀರಿತಾ? ಹೊಳ್ಳಿಸು.
ಈಗ ಗಿಡ್ಡದ ಮ್ಯಾಲ ಎತ್ತರ, ಎತ್ತರದ ಮ್ಯಾಲ ಗಿಡ್ಡ.
ಎತ್ತರಂದು ಗಿಡ್ಡದ ಕೆಳಗ ಸಿಕ್ಕೊಂಡು
ಬಗ್ಗತೈತಿ, ಹೊಟ್ಟಿ ಮುಂದ ಮಾಡತೈತಿ.
ಅದ ನೋಡು ಕಾಳು.
ಇಷ್ಟ ಇದರ ಗುಟ್ಟು.

ಇಷ್ಟ ಅಂತ, ಇಷ್ಟ!
ಇಪ್ಪತ್ತಕ್ಕ ಸುರು ಮಾಡಿದ್ದು ಹದಿಮೂರಕ್ಕ ಬಂತು,
ಗಾಳಿಪಟದ ಬಾಲಂಗೋಸಿ ಆತು.
ಅಂಚಿನ್ಯಾಗ ಕಳ್ಳರದಾರೇನ ನಿಂದು? ಅಂದ್ಲು.
ಎರಡನೇ ಸಲ ಮರತು ಎತ್ತರದ ಮ್ಯಾಲ ಎತ್ತರ ಕುಂದ್ರಿಸಿದೆ,
ಕಾಳೆಲ್ಲ ಹೋಗಿ ಬರೇ ಕೂರಗಿ ಸಾಲು.
ನಮ್ಮ ಸಾವಕಾರನ ಹೆಗಲ ಮ್ಯಾಲ
ಅವನ ತಮ್ಮ ಕುಂತಂಗಾತಲ್ಲ, ಅಂತ
ನಗಾಡಿ, ತುದಿ ಹಿಡದು ಜಗ್ಗಿದ್ಲು.
ಸರ್ರ್ ಅಂತ ಪೂರಾ ಹೋತು.

ನಾ ಹೌಹಾರಿದೆ.
ಕೂದಲದ ಸಿಕ್ಕು ಯಾರೂ ಹಾಕಿದ್ದಲ್ಲ,
ಜಗ್ಗಿದಷ್ಟು ಹಲ್ಲು ಕಡೀತೈತಿ.
ಇದು ಕರದ್ರ ಬರತೈತಿ,
ಹ್ವಾದಲ್ಲೆ ನೂಲ ಆಗಿರತೈತಿ.
ಇಂಥಾ ಮರ್ಯಾದಿ ಗಂಟು ನಾ ಕಂಡಿದ್ದಿಲ್ಲ.

ಆದ್ರೂ ಬೆರಳು ಕೇಳಬೇಕಲ್ಲ.
ರಾತ್ರಿ ಧಾರಾವಾಹಿ ನೋಡಕೋಂತ ಕುಂತಾಕಿ
ನನಗ ತಿಳೀದಂಗ ನಾಕು ಸಾಲು ಬಿಡಿಸಿಟ್ಟಿದ್ದೆ,
ಅರಿಶಿಣಂದು ಇತ್ತಾಗ, ಹಸರಂದು ಅತ್ತಾಗ.
ಮಗ ಕೇಳಿದ: ಯವ್ವಾ,
ಹಾಕಾಕತ್ತೀಯೋ ಕೀಳಾಕತ್ತೀಯೋ?

ಮೊನ್ನಿ ಕರೆಂಟು ಹೋತು.
ಕಡ್ಡಿ ಕೆಳಗಿಡಾಕ ಮನಸಾಗಲಿಲ್ಲ.
ಕತ್ತಲಾಗ ಹೆಬ್ಬೆಟ್ಟು ಹಿಂದಿನ ಸಾಲಿನ ಮ್ಯಾಲ ನಡೀತು,
ಹಸೀ ಸಜ್ಜಿ ತೆನಿ ಸವರಿದಂಗ:
ಉಬ್ಬು ಸಿಕ್ರ ಗಿಡ್ಡ,
ತಗ್ಗು ಸಿಕ್ರ ಎತ್ತರ,
ಉಬ್ಬು.
ತಗ್ಗು.
ಬಾಯಿ ಎಣಿಸೋದು ಬಿಟ್ಟಿತ್ತು.
ದೀಪ ಬಂದ ಮ್ಯಾಲ ನೋಡಿದ್ರ
ಇಪ್ಪತ್ತಕ್ಕ ಇಪ್ಪತ್ತು.

ಮುಂಜಾನಿ ಹೊಳ್ಳಿಸಿದೆ.
ಏಳನೇ ಸಾಲಿನ್ಯಾಗ ಒಂದು ಬೆಳ್ಳನ್ನ ಕೂದಲು,
ನೂಲಿನ ಜೋಡಿ ಒಳಗ ಹೊಕ್ಕು
ಮೂರು ಕಾಳು ದಾಟಿ ಹೊರಗ ಬಂದಿತ್ತು.
ಶೆಡ್ಡಿನಿಂದ ಸೆರಗಿಗೆ ಹತ್ತಿ ಬಂದದ್ದು.
ಯಾ ಊರಾಕಿದೋ.
ನಂದಂತೂ ಅಲ್ಲ, ನಂದಿನ್ನೂ ಕರೀದದಾವು,
ಹಂಗಂತ ತಿಳಕೊಂಡೀನಿ.
ಹನ್ನೆರಡಿಂಚರ ಇತ್ತು, ರೊಕ್ಕ ಬರೋವಂಥಾದ್ದು.
ಬೆರಳು ತಾವ ಹ್ವಾದುವು ಬಿಡಿಸಾಕ.

ತಡದೆ.
ಅದರ ತುದಿ ಒಳಗ ಮಡಚಿ
ಮ್ಯಾಲೊಂದು ಗಿಡ್ಡ ಹಾಕಿದೆ.